ಬೇಲಿ ದಾಟಿದ ಬಾಗಿನ

ಹೇರೋಹಳ್ಳಿಯ ಕೆಂಚಪ್ಪ, ಚಿಕ್ಕಣ್ಣ ಅಣ್ಣತಮ್ಮಂದಿರು. ಅವರನ್ನು ಕಟ್ಟಿಕೊಂಡ ಹನುಮಕ್ಕ, ಪಾಪಮ್ಮ ಅಕ್ಕತಂಗಿಯರು. ಒಂದೇ ಚಪ್ಪರದಡಿ ಎರಡೂ ಧಾರೆ ಆಗಿತ್ತು. ಐವತ್ತೈದನೆಯ ಇಸವಿಯಲ್ಲಿ, ಯುಗಾದಿ ಕಳೆದು ಮನೆ ಭಾಗವಾದಾಗ, ಪಂಚಾಯ್ತಿಗೆ ಕೂತ ಊರ ಹಿರಿಯರು ಒಂದು ಜಾಣತನ ಮಾಡಿದರು. ಹಿತ್ತಿಲಿನ ಸಿಹಿನೀರ ಬಾವಿಯನ್ನು ಅಣ್ಣನಿಗೆ ಕೊಟ್ಟರು. ಅದೇ ಹಿತ್ತಿಲಿನ ಇನ್ನೊಂದು ಮೂಲೆಯಲ್ಲಿದ್ದ ರಾಗಿ ಬೀಸುವ ದೊಡ್ಡ ಕಲ್ಲನ್ನು ತಮ್ಮನಿಗೆ ಕೊಟ್ಟರು. ಒಬ್ಬನಿಗೆ ಹಿಟ್ಟು ಬೇಕು, ಇನ್ನೊಬ್ಬನಿಗೆ ನೀರು ಬೇಕು, ಹೀಗಾದರೆ ಇಬ್ಬರೂ ಮಾತು ಬಿಡಲಾರರು ಎಂಬುದು ಅವರ ಎಣಿಕೆ. ಪಾಪ, ಅವರು ಕೆಂಚಪ್ಪನ ಹಟವನ್ನು ಸರಿಯಾಗಿ ತೂಗಿರಲಿಲ್ಲ.

ಮುಂಗಾರು ಉಳುಮೆಯಲ್ಲಿ ಚಿಕ್ಕಣ್ಣನ ನೇಗಿಲು ಹೊಲದ ನಡುವಿನ ಬದುವನ್ನು ಒಂದು ಗೇಣು ತಿಂದಿತು. ಎತ್ತು ಎಳೆಯಿತು ಎಂದು ಚಿಕ್ಕಣ್ಣ, ಎಳೆಸಿದವನು ನೀನು ಎಂದು ಕೆಂಚಪ್ಪ.

"ಎತ್ತಿಗೇನಣ್ಣ ಗೊತ್ತು ಗಡಿ?" ಎಂದು ತಮ್ಮ ನಕ್ಕ.

ಬದು ಹೋದದ್ದಕ್ಕಿಂತ ಆ ನಗು ಕೆಂಚಪ್ಪನಿಗೆ ಹೆಚ್ಚು ಚುಚ್ಚಿತು. ಮಾರನೆಯ ದಿನ ಕಾರೆಮುಳ್ಳು ಕಡಿದು ತಂದು ಹಿತ್ತಿಲಿನ ನಟ್ಟನಡುವೆ ಬೇಲಿ ಬಿಗಿದ. ಬಾವಿ ಈಚೆ ಉಳಿಯಿತು, ಕಲ್ಲು ಆಚೆ ಹೋಯಿತು. ಜಗಳ ಹೊಲದ್ದು, ಬೇಲಿ ಹಿತ್ತಿಲಿನಲ್ಲಿ ಯಾಕೆ ಎಂದು ಕೇಳುವ ಧೈರ್ಯ ಮಗ ತಿಮ್ಮಯ್ಯನಿಗೆ ಇರಲಿಲ್ಲ. ಸೊಸೆ ಲಿಂಗಮ್ಮನಿಗೆ ಇತ್ತು, ಕೇಳಿದಳು.

"ನಿಂಗೆ ಗೊತ್ತಾಗಲ್ಲ, ಸುಮ್ನಿರಮ್ಮ" ಎಂದ ಮಾವ.

ಅಂದಿನಿಂದ ಪಾಪಮ್ಮ ಕುಡಿಯುವ ನೀರಿಗೆ ಕೆರೆಯಂಗಳದ ಬಾವಿಗೆ ನಡೆಯತೊಡಗಿದಳು. ಇತ್ತ ತಿಮ್ಮಯ್ಯ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು, ಬೆಳಿಗ್ಗೆ ಸೈಕಲ್ಲಿನ ಹಿಂದೆ ರಾಗಿ ಚೀಲ ಕಟ್ಟಿಕೊಂಡು ಹೋಗಿ, ಅಲ್ಲಿನ ಹಿಟ್ಟಿನ ಮಿಷನ್ನಿನಲ್ಲಿ ಬಿಟ್ಟು, ಸಂಜೆ ಬಿಸಿ ಬಿಸಿ ಹಿಟ್ಟು ತರತೊಡಗಿದ. ಮೊದಲ ದಿನದ ಮುದ್ದೆಯನ್ನೇ ಕೆಂಚಪ್ಪ ತಟ್ಟೆಯಲ್ಲಿ ಉರುಳಿಸಿ ಉರುಳಿಸಿ ನೋಡಿದ.

"ಇದೇನು ಹನುಮಿ, ಸೀದ ವಾಸ್ನೆ?"

"ಮಿಷನ್ ಹಿಟ್ಟು. ಒಳಗೇ ಕಾದೋಗಿರುತ್ತೆ."

"ಗಂಟಲಲ್ಲಿ ಇಳೀತಿಲ್ಲ ಕಣೇ."

"ಬೇಲಿ ಅಡ್ಡ ಬಂದಿರ್ಬೇಕು" ಎಂದು ಹನುಮಕ್ಕ ಸಾರು ಬಡಿಸಿದಳು.

ಹನುಮಕ್ಕ ನಗುನಗುತ್ತಲೇ ಚುಚ್ಚುತ್ತಿದ್ದಳು, ಆದರೆ ಅವಳ ಚಿಂತೆ ಬೇರೆ ಇತ್ತು. ಅಕ್ಕತಂಗಿಯರಿಗೆ ಅಪ್ಪ ಅಮ್ಮ ಇಲ್ಲ, ಒಡಹುಟ್ಟಿದ ಗಂಡುದಿಕ್ಕಿಲ್ಲ. ತಾಯಿ ತೀರಿಹೋದ ವರ್ಷದಿಂದ ಗೌರಿ ಹಬ್ಬಕ್ಕೆ ಪಾಪಮ್ಮನಿಗೆ ತವರಿನ ಬಾಗಿನ ಕೊಡುವವಳು ಹನುಮಕ್ಕನೇ. ಇಬ್ಬರೂ ಸೇರಿ ಹಿತ್ತಿಲಿನ ಬಾವಿಯಿಂದ ಗಂಗೆ ಸೇದಬೇಕು, ಬಾವಿಕಟ್ಟೆಯ ಮೇಲೆ ಅರಿಶಿನದ ಗೌರಿ ಇಡಬೇಕು, ಅಲ್ಲಿಯೇ ಅಕ್ಕ ತಂಗಿಯ ಸೆರಗಿಗೆ ಮೊರದ ಬಾಗಿನ ಕೊಡಬೇಕು. ಮದುವೆಯಾದ ಹೆಣ್ಣಿಗೆ ಇದು ತಪ್ಪಿದರೆ ತವರು ಮುಗಿದಂತೆ. ಈ ಸಲ ತಪ್ಪಿದರೆ ಮುಗಿಸಿದವಳು ತಾನೇ ಆಗುತ್ತೇನೆ ಎಂದು ಹನುಮಕ್ಕ ಕುದಿಯುತ್ತಿದ್ದಳು. ಪುಣ್ಯಕ್ಕೆ ಆ ವರ್ಷ ಅಧಿಕಮಾಸ ಬಂದು ಹಬ್ಬ ಒಂದು ತಿಂಗಳು ಮುಂದಕ್ಕೆ ಹೋಗಿತ್ತು. ಅಷ್ಟರೊಳಗೆ ಗಂಡನ ಹಟ ಇಳಿದೀತು ಎಂದು ಕಾಯುತ್ತಿದ್ದಳು.

ಆಗ ನಡುವೆ ಗೋವಾ ಬಂತು.

ಸ್ವಾತಂತ್ರ್ಯದ ದಿನ ಕಳೆದ ಸಂಜೆ ತಿಮ್ಮಯ್ಯ ಪೇಪರ್ ಹಿಡಿದುಕೊಂಡೇ ಒಳಗೆ ಬಂದ. ಊಟಕ್ಕೆ ಕೂತವನು ತಟ್ಟೆ ಮುಟ್ಟದೆ ಓದಿದ. ಗೋವಾ ಬಿಡಿಸಬೇಕೆಂದು ಬರಿಗೈಯಲ್ಲಿ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದ್ದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತಿದ್ದರು.

"ಕೈಲಿ ಒಂದು ಕೋಲೂ ಇರ್ಲಿಲ್ಲಪ್ಪ" ಎಂದ ತಿಮ್ಮಯ್ಯ. "ಬಾವುಟ ಹಿಡ್ಕೊಂಡು ನಡ್ಕೊಂಡು ಹೋದೋರನ್ನ ಹೊಡೆದವ್ರೆ."

ಕೆಂಚಪ್ಪ ಮುದ್ದೆ ಮುರಿದ. "ಬರಬೇಡಿ ಅಂತ ಮೊದ್ಲೇ ಹೇಳಿದ್ರಾ ಇಲ್ವಾ?"

"ಹೇಳಿದ್ರು. ಹೇಳಿದ್ರೆ?"

"ಹೇಳಿದ ಮೇಲೂ ಹೋದ್ರೆ ತಪ್ಪು ಹೋದೋರದು. ಬೇಲಿ ಅಂದ್ರೆ ಬೇಲಿ. ದಾಟಿದೋನಿಗೆ ಆರತಿ ಎತ್ತಿ ಒಳಗೆ ಕರ್ಕೊಳಕ್ಕಾಗುತ್ತಾ?"

"ಅದು ಅವರಪ್ಪನ ಮನೆ ಬೇಲಿನಾ? ನಮ್ ದೇಶದಲ್ಲಿ ಬಂದು ಬೇಲಿ ಹಾಕ್ಕೊಂಡು ಕೂತವ್ರೆ!"

"ಯಾರೇ ಹಾಕಿರ್ಲಿ. ಅನುಭೋಗದಲ್ಲಿ ಇರೋನು ಅವನು."

"ಅದಕ್ಕೆ ಪ್ರಾಣ ತೆಗೀಬೋದಾ?"

"ಕಾಲಿಗೆ ಹೊಡೀಬೇಕಿತ್ತು. ಗುರಿ ತಪ್ಪಿರುತ್ತೆ."

"ಇಪ್ಪತ್ತು ಸಲ ತಪ್ತಾ?"

ಹನುಮಕ್ಕ ಒಲೆಯ ಮುಂದಿನಿಂದ ತಿರುಗಿ ಕೂತಳು. "ತಿಮ್ಮ, ಆ ಹುಡುಗ್ರು ಉಂಡಿದ್ರಂತಾ?"

"ಏನು?"

"ಹೋಗೋ ಮುಂಚೆ ಏನಾದ್ರೂ ಉಂಡಿದ್ರಂತಾ ಅಂತ."

ಕೆಂಚಪ್ಪ ಕೈ ತಟ್ಟೆಯಲ್ಲಿಟ್ಟುಕೊಂಡೇ ನಕ್ಕ. "ದೇಶದ ಮಾತಾಡ್ತಿದ್ರೆ ಊಟದ ಮಾತು ತಂದ್ಲು ನೋಡು. ಹೆಂಗಸ್ರಿಗೆ ಗುಂಡಿನ ಮಧ್ಯೆನೂ ಗಂಜಿ!"

"ಮಾವ" ಎಂದಳು ಲಿಂಗಮ್ಮ, ನೀರಿನ ಚೊಂಬು ಇಡುತ್ತ, "ನಮ್ಮ ಬೇಲಿನ ಚಿಕ್ಕತ್ತೆ ದಾಟಿದ್ರೂ ಹೊಡೀತೀರಾ?"

ಆ ಪ್ರಶ್ನೆಗೆ ಬೇರೆ ಗಂಡಸಾಗಿದ್ದರೆ ಕೆಮ್ಮಿ ಸುಮ್ಮನಾಗುತ್ತಿದ್ದ. ಕೆಂಚಪ್ಪನಿಗೆ ಸೊಸೆಯ ಎದುರು ಸೋಲುವುದು ಆಗದ ಮಾತು. ಎಂಜಲು ಕೈಯಲ್ಲೇ ಎದ್ದು ಹಿತ್ತಿಲ ಬಾಗಿಲಿಗೆ ಹೋಗಿ, ಆಚೆ ಮನೆಗೂ ಕೇಳಿಸುವಂತೆ ಕೂಗಿದ.

"ಆ ಕಡೆಯಿಂದ ಈ ಕಡೆಗೆ ಯಾರೇ ಕಾಲಿಡ್ಲಿ, ಗಂಡಾಗ್ಲಿ ಹೆಣ್ಣಾಗ್ಲಿ, ಕೋವಿ ಹಾರಿಸ್ದೆ ಬಿಡಲ್ಲ! ನಮ್ಮಪ್ಪನಾಣೆ!"

ಕೋವಿ ಸುಳ್ಳಲ್ಲ. ಹೊಲಕ್ಕೆ ಬೀಳುವ ಹಂದಿ ಓಡಿಸಲು ಅವರಪ್ಪ ಇಟ್ಟಿದ್ದ, ನಳಿಗೆಯ ಬಾಯಿಂದ ಮದ್ದು ಗಟ್ಟಿಸುವ ಲೈಸೆನ್ಸ್ ಕೋವಿ ನಡುಮನೆಯ ಗೋಡೆಯಲ್ಲಿ ತೂಗುತ್ತಿತ್ತು.

ಬೇಲಿಯ ಆಚೆಯಿಂದ ಚಿಕ್ಕಣ್ಣನ ದನಿ ಬಂತು. ಅವನೂ ಊಟಕ್ಕೆ ಕೂತಿದ್ದನೆಂದು ತೋರುತ್ತದೆ, ಬಾಯಿ ತುಂಬಿತ್ತು. "ಅಪ್ಪನಾಣೆ ಇಡಕ್ಕೆ ನೀನ್ಯಾರು? ಹೊಲ ಭಾಗ ಆಯ್ತು, ಮನೆ ಭಾಗ ಆಯ್ತು. ಅಪ್ಪ ಇನ್ನೂ ಭಾಗ ಆಗಿಲ್ಲ! ಅರ್ಧ ನನ್ನವ್ನು!"

ಕೆಂಚಪ್ಪ ದಡಾರನೆ ಬಾಗಿಲು ಹಾಕಿಕೊಂಡು ಬಂದ.

ಮಾರನೆಯ ದಿನ ಪೇಟೆಯಲ್ಲೆಲ್ಲ ಹರತಾಳ. ತಿಮ್ಮಯ್ಯ ಮೆರವಣಿಗೆಯಲ್ಲಿ ಕೂಗಿ ಕೂಗಿ ಗಂಟಲು ಕಳೆದುಕೊಂಡು, ಹಿಂದೆ ರಾಗಿ ಚೀಲ ಕಟ್ಟಿದ್ದಂತೆಯೇ ಮನೆಗೆ ಬಂದ. ಮಿಷನ್ ಮುಚ್ಚಿತ್ತು. ಡಬ್ಬದಲ್ಲಿದ್ದ ಹಿಟ್ಟು ತಳ ಕಂಡಿತ್ತು. ಆ ರಾತ್ರಿ ಕೆಂಚಪ್ಪನಿಗೆ ಬಿದ್ದದ್ದು ನೆಲ್ಲಕ್ಕಿ ಅನ್ನ. ಹುಟ್ಟಿದಾಗಿನಿಂದ ಮುದ್ದೆ ಉಂಡ ಹೊಟ್ಟೆ ಅದು, ಅನ್ನ ಉಂಡರೆ ನೆಂಟರ ಮನೆಯಲ್ಲಿದ್ದಂತೆ ಅನ್ನಿಸುತ್ತಿತ್ತು. ಅರ್ಧ ಊಟದಲ್ಲಿ ಅವನು ಪೋರ್ಚುಗೀಸರನ್ನು ಬೈಯತೊಡಗಿದ.

"ಎಲ್ಲಿಂದಲೋ ಬಂದ ನನ್ ಮಕ್ಳು! ನಮ್ ಮಿಷನ್ ಮುಚ್ಚಿಸಿದ್ರಲ್ಲ!"

"ನಿನ್ನೆ ಅವರ ಕಡೆ ವಾದ ಮಾಡ್ತಿದ್ದೆಯಲ್ಲಪ್ಪ" ಎಂದ ತಿಮ್ಮಯ್ಯ, ಇದ್ದ ದನಿಯಲ್ಲಿ.

"ನಿನ್ನೆ ಅವರು ನನ್ ಮುದ್ದೆಗೆ ಕೈ ಹಾಕಿರ್ಲಿಲ್ಲ."

ಅದಾದ ಮೇಲೆ ಪ್ರತಿ ಸಂಜೆಯೂ ಊಟದ ಹೊತ್ತಿಗೆ ಇದೇ ಜಗಳ. ಗುಂಡು ಹಾರಿಸಿದ್ದು ಸರಿಯೇ ತಪ್ಪೇ? ಹೊಡೆಯುವ ಮುಂಚೆ ಎಷ್ಟು ಸಲ ಎಚ್ಚರಿಸಬೇಕು? ತಿಮ್ಮಯ್ಯ ಕಾರ್ಖಾನೆಯಲ್ಲಿ ಕೇಳಿ ಬಂದ ಭಾಷಣವನ್ನು ಒಪ್ಪಿಸುವನು, ಕೆಂಚಪ್ಪ ಹಂದಿ ಓಡಿಸಿದ ಕತೆ ತೆಗೆಯುವನು. "ಅವರು ಹಂದಿಗಳಲ್ಲ, ಮನುಷ್ಯರು" ಎಂದು ಮಗ ಎದ್ದು ಹೋದರೆ, "ಬೇಲಿಗೆ ಅದು ಗೊತ್ತಾಗುತ್ತಾ?" ಎಂದು ಅಪ್ಪ ಬೆನ್ನಿಗೆ ಕೂಗುವನು. ಈ ಗಲಾಟೆಯಲ್ಲಿ ಹೆಂಗಸರಿಗೆ ಒಂದು ಅನುಕೂಲವಾಯಿತು. ಗಂಡಸರು ಗೋವಾದ ಗಡಿ ಕಾಯುತ್ತಿರುವಾಗ ಹಿತ್ತಿಲಿನ ಗಡಿಯನ್ನು ನೋಡುವವರು ಯಾರೂ ಇರಲಿಲ್ಲ.

ಒಂದು ವಾರ ಕಳೆಯುವಷ್ಟರಲ್ಲಿ ಮುದ್ದೆ ಮೊದಲಿನಂತಾಯಿತು. ಬೆರಳಿಟ್ಟರೆ ಮೆತ್ತಗೆ ಇಳಿಯುವ, ರಾಗಿಯ ವಾಸನೆಯೇ ಮೇಲೇಳುವ ಮುದ್ದೆ. ಕೆಂಚಪ್ಪ ಎರಡು ಹಾಕಿಸಿಕೊಂಡ.

"ಮಿಷನ್ನೋನು ಕಲ್ಲು ಬದಲಾಯಿಸಿರ್ಬೇಕು."

"ಹೂಂ, ಬದಲಾಯಿಸವ್ನೆ" ಎಂದಳು ಹನುಮಕ್ಕ. ತಿಮ್ಮಯ್ಯ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವನು ಮಿಷನ್ನಿಗೆ ಹೋಗಿ ನಾಲ್ಕು ದಿನವಾಗಿತ್ತು.

ಆಗುತ್ತಿದ್ದದ್ದು ಇಷ್ಟು. ಕೆಂಚಪ್ಪ ಹೊಲಕ್ಕೆ ಹೋದ ಮೇಲೆ ಲಿಂಗಮ್ಮ ಬೇಲಿಯ ಮೇಲಿಂದ ಒಂದು ಕೊಡ ನೀರು ಮತ್ತು ರಾಗಿಯ ಮೊರ ದಾಟಿಸುವಳು. ಮಧ್ಯಾಹ್ನ ಆಚೆಯಿಂದ ಪಾಪಮ್ಮ ಬೀಸಿದ ಹಿಟ್ಟನ್ನೂ ಖಾಲಿ ಕೊಡವನ್ನೂ ದಾಟಿಸುವಳು. ತಿಮ್ಮಯ್ಯನಿಗೆ ಗೊತ್ತಾಗಿ ಅವನು ಹೆದರಿದ. "ಅಪ್ಪ ಆಣೆ ಇಟ್ಟವ್ರೆ ಕಣೇ."

"ಮಾವ ಹೇಳಿದ್ದು ಕಾಲಿಡೋರಿಗೆ" ಎಂದಳು ಲಿಂಗಮ್ಮ. "ಮೊರಕ್ಕೆ ಕಾಲಿಲ್ಲ."

ಹಿಟ್ಟಿಗೆ ಈ ಉಪಾಯ ನಡೆಯಿತು. ಹಬ್ಬಕ್ಕೆ ನಡೆಯುವಂತಿರಲಿಲ್ಲ. ಗಂಗೆ ಸೇದಲು ಪಾಪಮ್ಮ ಕಾಲಿಟ್ಟೇ ಬರಬೇಕು. ಹಬ್ಬ ಹತ್ತಿರ ಬಂದಂತೆ ಹನುಮಕ್ಕ ಬಳೆಗಾರ ಬಂದಾಗ ತಂಗಿಯ ಅಳತೆಯ ಬಳೆ ತೆಗೆದಿಟ್ಟಳು, ಹೊಸ ಮೊರಕ್ಕೆ ಅರಿಶಿನ ಬಳಿದಳು, ರವಿಕೆ ಕಣ ಮಡಚಿಟ್ಟಳು. ಕೆಂಚಪ್ಪ ಎಲ್ಲವನ್ನೂ ನೋಡಿಯೂ ನೋಡದಂತೆ ಓಡಾಡಿದ. ಹಬ್ಬದ ಹಿಂದಿನ ದಿನ ಅವಳೇ ಬಾಯಿ ಬಿಟ್ಟಳು.

"ತಿಮ್ಮನಪ್ಪ, ನಾಳೆ ಪಾಪಿ ಬಾವಿಗೆ ಬರ್ಬೇಕು."

"ಬರ್ಲಿ. ಯಾರು ಬೇಡ ಅಂದೋರು?" ಕೆಂಚಪ್ಪ ಎಲೆ ಅಡಿಕೆಯ ಚೀಲದಲ್ಲಿ ಸುಣ್ಣ ಹುಡುಕಿದ. "ಬೀದಿ ಕಡೆಯಿಂದ, ಮುಂಬಾಗಿಲಿಂದ ಬರ್ಲಿ. ನಾನು ಹೊಲದಲ್ಲಿರ್ತೀನಿ. ನೋಡ್ದಂಗೂ ಇರುತ್ತೆ, ಆಣೆ ಉಳಿದಂಗೂ ಇರುತ್ತೆ."

ಅವನ ಮಟ್ಟಿಗೆ ಇದು ದೊಡ್ಡ ಉದಾರತೆ. ಹನುಮಕ್ಕ ಕೂತಲ್ಲಿಂದ ಎದ್ದಳು.

"ಇಪ್ಪತ್ತೈದು ವರ್ಷ ಅವಳು ನೀರು ಸೇದಿದ ಬಾವಿ. ಅಲ್ಲಿಗೆ ನನ್ ತಂಗಿ ಬೀದಿ ಸುತ್ತಿ ಕಳ್ಳಿ ಹಂಗೆ ಬರ್ಬೇಕಾ? ನೀನು ನೋಡ್ದೇ ಇರೋ ಹೊತ್ತು ನೋಡ್ಕೊಂಡು?"

"ಮತ್ತೆ ಹೆಂಗೆ ಬರ್ತಾಳೆ?"

"ಬರೋ ದಾರೀಲೇ ಬರ್ತಾಳೆ. ಕರ್ಕೊಂಡು ಬರೋಳು ನಾನು."

"ಹನುಮಿ, ಊರೆಲ್ಲ ಕೇಳೋ ಹಂಗೆ ಅಪ್ಪನಾಣೆ ಇಟ್ಟಿದೀನಿ."

"ಅದು ನಿಂಗೂ ನಿಮ್ಮಪ್ಪಂಗೂ ಇರೋ ಮಾತು" ಎಂದು ಅವಳು ಕಡಲೆಬೇಳೆ ಬೇಯಲು ಇಟ್ಟಳು.

ಹಬ್ಬದ ಬೆಳಿಗ್ಗೆ ಕೆಂಚಪ್ಪ ಹೊಲಕ್ಕೆ ಹೋಗಲಿಲ್ಲ. ಹೋದರೆ ಹೆದರಿ ಹೋದ ಎನ್ನುತ್ತಾರೆ, ಇದ್ದರೆ ಮಾತು ನಡೆಸಬೇಕು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗಿನ ಕತೆಯಾಗಿತ್ತು ಅವನದು. ಕೋವಿ ಇಳಿಸಿ, ಮದ್ದು ಸುರಿದು, ಚಿಂದಿ ತುರುಕಿ, ಸಲಾಕೆಯಿಂದ ಗಟ್ಟಿಸಿ, ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ಕೂತ. ಸದ್ದು ಕೇಳಿ ತಿಮ್ಮಯ್ಯ ಓಡಿ ಬಂದ.

"ಅಪ್ಪ, ಚರೆ ಗುಂಡೂ ಹಾಕಿದೀಯಾ?"

"ಹಾಕದೆ? ಆಟ ಅಂದ್ಕೊಂಡಿದೀಯಾ?"

ಗೋವಾದ ಬಗ್ಗೆ ಇಷ್ಟು ದಿನ ಮಾಡಿದ ಭಾಷಣದಲ್ಲಿ ಒಂದು ಮಾತೂ ತಿಮ್ಮಯ್ಯನ ಬಾಯಿಗೆ ಬರಲಿಲ್ಲ. ಕೋವಿಗೆ ಕೈ ಹಾಕಹೋದ, ಕೆಂಚಪ್ಪ ಮೊಣಕೈಯಿಂದ ತಳ್ಳಿದ. ಲಿಂಗಮ್ಮ ಗಂಡನ ತೋಳು ಹಿಡಿದು ಹಿಂದಕ್ಕೆಳೆದಳು. ಅಕ್ಕಪಕ್ಕದ ಗೋಡೆಗಳ ಮೇಲೆ ಆಗಲೇ ತಲೆಗಳು ಎದ್ದಿದ್ದವು.

ಹನುಮಕ್ಕ ಹೊಸ ಸೀರೆ ಉಟ್ಟು, ಬಾಗಿನದ ಮೊರ ಹಿಡಿದು, ಮುಂಬಾಗಿಲಿನಿಂದ ಹೊರಗೆ ಹೋದಳು. ಬೀದಿ ಯಾರಪ್ಪನದೂ ಅಲ್ಲ. ಸ್ವಲ್ಪ ಹೊತ್ತಿಗೆ ಬೇಲಿಯ ಆಚೆ ಅಕ್ಕತಂಗಿಯರಿಬ್ಬರೂ ಕಾಣಿಸಿಕೊಂಡರು. ಪಾಪಮ್ಮನ ಕೈಯಲ್ಲಿ ಪೂಜೆಯ ತಟ್ಟೆ, ಕಂಕುಳಲ್ಲಿ ತಾಮ್ರದ ಬಿಂದಿಗೆ.

"ಭಾವ, ನಂದೇನೂ ಇಲ್ಲ" ಎಂದಳು ಪಾಪಮ್ಮ. "ಅಕ್ಕ ಎಳ್ಕೊಂಡು ಬಂದ್ಲು."

"ಸುಮ್ನಿರೇ. ಹಬ್ಬದ ದಿನ ಕ್ಷಮೆ ಕೇಳ್ತಾಳೆ" ಎಂದಳು ಅಕ್ಕ.

ಚಿಕ್ಕಣ್ಣ ಒಳಗಿನಿಂದ ಓಡಿ ಬಂದು ಹೆಂಗಸರ ಮುಂದೆ ನಿಂತ. ಅವನ ಮುಖದಲ್ಲಿ ಆವತ್ತಿನ ನಗು ಇರಲಿಲ್ಲ. "ಅಣ್ಣ, ಹೊಡೆಯೋದಾದ್ರೆ ನಂಗೆ ಹೊಡಿ. ಬದು ಒತ್ತಿದೋನು ನಾನು. ಎತ್ತಲ್ಲ, ನಾನೇ."

ಗೋಡೆಯ ಮೇಲಿನ ತಲೆಗಳು ಒಟ್ಟಿಗೆ ಅವನ ಕಡೆ ತಿರುಗಿದವು. ಕೆಂಚಪ್ಪ ಈ ಮಾತಿಗಾಗಿ ಮುಂಗಾರಿನಿಂದ ಕಾದಿದ್ದ. ಈಗ ಬಂದಾಗ ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದೇ ಅವನಿಗೆ ತಿಳಿಯಲಿಲ್ಲ.

"ನೀನು ಸರಿ ಆಚೆ" ಎಂದು ಹನುಮಕ್ಕ ಮೈದುನನನ್ನು ಮೊರದ ಅಂಚಿನಿಂದ ಪಕ್ಕಕ್ಕೆ ತಳ್ಳಿದಳು. "ಇದು ಹೆಂಗಸರ ಹಬ್ಬ."

ಕೆಂಚಪ್ಪ ಎದ್ದು ನಿಂತು ಕೋವಿ ಎತ್ತಿದ. "ಹನುಮಿ, ಅಲ್ಲೇ ನಿಂತ್ಕೋ. ನೀನು ಆ ಕಡೆಯಿಂದ ಬರ್ತಿದೀಯ."

"ಹೌದು. ಒಂದು ತಿಂಗಳಿಂದ ನೀನು ತಿಂತಿರೋ ಹಿಟ್ಟೂ ಆ ಕಡೆಯಿಂದ್ಲೇ ಬಂದಿದ್ದು. ಮೊದ್ಲು ನಿನ್ ಹೊಟ್ಟೆಗೆ ಹೊಡ್ಕೋ, ಆಮೇಲೆ ನಂಗೆ ಹೊಡೆಯುವಂತೆ."

ಗೋಡೆಯ ಮೇಲೆ ಯಾರೋ ಕಿಸಕ್ಕೆಂದರು. ಕೆಂಚಪ್ಪ ಸೊಸೆಯ ಕಡೆ ನೋಡಿದ. ಲಿಂಗಮ್ಮ ಆಕಾಶ ನೋಡಿದಳು.

ಅಷ್ಟರಲ್ಲಿ ಹನುಮಕ್ಕ ಮೊರವನ್ನು ಎದೆಯ ಮಟ್ಟಕ್ಕೆ ಎತ್ತಿ, ಬೇಲಿ ತಗ್ಗಾದ ಕಡೆ ಒಂದು ಕಾಲನ್ನು ಈಚೆಗೆ ಇಟ್ಟೇ ಬಿಟ್ಟಳು. ಎರಡನೆಯ ಕಾಲು ಎತ್ತಹೋದಳು, ಬರಲಿಲ್ಲ. ಹೊಸ ಸೀರೆಯ ನೆರಿಗೆ ಕಾರೆಮುಳ್ಳಿಗೆ ಸಿಕ್ಕಿಕೊಂಡಿತ್ತು. ಎಳೆದರೆ ಹರಿಯುತ್ತದೆ, ಬಗ್ಗಿದರೆ ಬಾಗಿನ ಚೆಲ್ಲುತ್ತದೆ. ಪಾಪಮ್ಮನ ಕೈಯೂ ಖಾಲಿಯಿಲ್ಲ. ಹೆಂಗಸಿನ ಸೀರೆಗೆ ಚಿಕ್ಕಣ್ಣ ಕೈ ಹಾಕುವಂತಿಲ್ಲ. ಹನುಮಕ್ಕ ಒಂದು ಕಾಲು ಆಚೆ, ಒಂದು ಕಾಲು ಈಚೆ ಇಟ್ಟುಕೊಂಡು ಗಂಡನ ಮುಖ ನೋಡಿದಳು. ಕೋವಿಯ ಬಾಯಿಗೂ ಅವಳ ಕುಂಕುಮಕ್ಕೂ ನಡುವೆ ಒಂದು ಮಾರು ದೂರವಿರಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ಹೊಡೆಯೋದಾದ್ರೆ ಬೇಗ ಹೊಡಿ" ಎಂದಳು. "ಮುಳ್ಳು ಚುಚ್ತಾ ಇದೆ."

"ಅಲ್ಲಾಡ್ಬೇಡ ಕಣೇ, ಹೊಸ ಸೀರೆ!" ಎಂದ ಕೆಂಚಪ್ಪ.

ಮುಳ್ಳು ಬಿಡಿಸಲು ಎರಡು ಕೈ ಬೇಕು. ಅವನು ಕೋವಿ ಇಡಲು ಜಾಗ ಹುಡುಕಿ ಆಚೀಚೆ ನೋಡಿದ. ನೆಲ ಒದ್ದೆ, ಒದ್ದೆಯಾದರೆ ಮದ್ದು ಕೆಡುತ್ತದೆ. ಎದುರಿಗೇ ಒಬ್ಬ ಬರಿಗೈಯಲ್ಲಿ ನಿಂತಿದ್ದ.

"ಲೇ, ಇದನ್ನ ಹಿಡ್ಕೊಳೋ ಒಂದ್ ನಿಮಿಷ. ಮೇಲಕ್ಕೆ ಹಿಡಿ, ತುಂಬೈತೆ" ಎಂದು ಬೇಲಿಯ ಮೇಲಿಂದ ಕೋವಿಯನ್ನು ಚಿಕ್ಕಣ್ಣನ ಕೈಗೆ ಕೊಟ್ಟ.

ಕೊಟ್ಟು ಬಗ್ಗಿದ. ಹೆಂಡತಿಯ ಸೀರೆಯ ಒಂದೊಂದೇ ನೆರಿಗೆಯನ್ನು ನೂಲು ಹರಿಯದಂತೆ, ಬೆರಳಿಗೆ ಚುಚ್ಚಿಸಿಕೊಳ್ಳುತ್ತ, ಮುಳ್ಳನ್ನು ಬೈಯುತ್ತ ಬಿಡಿಸಿದ. ಈಚೆಯಿಂದ ಎಟುಕದ ಕಡೆ ಮುಳ್ಳನ್ನು ತುಳಿದು ಮುಂದೆ ಹೋಗಿ ಬಿಡಿಸಿದ.

"ಅಣ್ಣ" ಎಂದ ಚಿಕ್ಕಣ್ಣ ಮೆಲ್ಲಗೆ.

"ಏನೋ?"

"ಈಗ ನೀನು ನನ್ ಕಡೆ ಕಾಲಿಟ್ಟಿದೀಯ. ಕೋವಿ ನನ್ ಕೈಲಿದೆ."

ಕೆಂಚಪ್ಪ ಬಗ್ಗಿದಲ್ಲಿಂದಲೇ ತನ್ನ ಕಾಲು ನೋಡಿಕೊಂಡ. ಎರಡೂ ಪಾದ ತಮ್ಮನ ಭಾಗದಲ್ಲಿದ್ದವು. ಆಮೇಲೆ ತಲೆ ಎತ್ತಿ ತಮ್ಮನ ಮುಖ ನೋಡಿದ. ಕೋವಿ ಹಿಡಿದವನು ಎಷ್ಟು ಎತ್ತರ ಕಾಣುತ್ತಾನೆಂದು ಅವನಿಗೆ ಮೊದಲ ಸಲ ತಿಳಿಯಿತು.

"ಅಪ್ಪನಾಣೆ ಇದೆಯಲ್ಲೋ" ಎಂದ.

"ಅರ್ಧ ಅಪ್ಪ ನನ್ನವ್ನು ಅಂದಿದ್ನಲ್ಲ. ನನ್ನರ್ಧ ನಾನು ಬಿಟ್ಟಿದೀನಿ. ನಿನ್ನರ್ಧದ ಆಣೆ ಉಳಿಯಕ್ಕೆ ಗಾಳಿಗೆ ಒಂದು ಗುಂಡು ಸಾಕು" ಎಂದು ಚಿಕ್ಕಣ್ಣ ಕೋವಿಯನ್ನು ಆಕಾಶಕ್ಕೆ ಹಿಡಿದು ಹಾರಿಸಿದ.

ಢಂ ಎಂದ ಸದ್ದಿಗೆ ಗೋಡೆಯ ಮೇಲಿನ ತಲೆಗಳೆಲ್ಲ ಒಟ್ಟಿಗೆ ಮಾಯವಾದವು. ಪಾಪಮ್ಮನ ಬಿಂದಿಗೆ ಕೆಳಗೆ ಬಿತ್ತು. ಹೊಗೆ ಇಳಿದಾಗ ಹನುಮಕ್ಕ ತಂಗಿಯ ಕೈ ಹಿಡಿದು, ತುಳಿದ ಮುಳ್ಳು ದಾಟಿ, ಆಗಲೇ ಬಾವಿಕಟ್ಟೆಯ ಮೇಲಿದ್ದಳು. ಇಬ್ಬರೂ ಗಂಗೆ ಸೇದಿದರು. ಅಕ್ಕ ಬಾಗಿನ ಕೊಟ್ಟಳು, ತಂಗಿ ಸೆರಗೊಡ್ಡಿ ಗಟ್ಟಿಯಾಗಿ ಅತ್ತಳು. ತಿಮ್ಮಯ್ಯ ಕುಡುಗೋಲು ತಂದು, ಯಾರನ್ನೂ ಕೇಳದೆ, ಬಾವಿಗೆ ದಾರಿಯಾಗುವಷ್ಟು ಬೇಲಿ ಕಡಿದ. ಉಳಿದ ಬೇಲಿ ಹಾಗೆಯೇ ಇತ್ತು. ಕೆಂಚಪ್ಪನಿಗೂ ಒಂದಿಷ್ಟು ಮರ್ಯಾದೆ ಬೇಡವೇ?

ಮಧ್ಯಾಹ್ನ ಎರಡೂ ಮನೆಯವರು ಒಂದೇ ಸಾಲಿನಲ್ಲಿ ಎಲೆ ಹಾಕಿಕೊಂಡು ಕೂತರು. ಹೊಲದ ಬದುವನ್ನು ಸುಗ್ಗಿಯಾದ ಮೇಲೆ ಅಳೆಯಿಸುವುದೆಂದು ಮಾತಾಯಿತು. ಲಿಂಗಮ್ಮ ಒಬ್ಬಟ್ಟು ಬಡಿಸಿದಳು. ಚಿಕ್ಕಣ್ಣ ಕೋವಿಯ ಸದ್ದಿಗೆ ಓಡಿದವರ ಹೆಸರು ಒಂದೊಂದಾಗಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದ. ಕೆಂಚಪ್ಪ ಮಾತ್ರ ಒಬ್ಬಟ್ಟು ಮುರಿದವನು ಬಾಯಿಗಿಡದೆ ಕೂತಿದ್ದ.

"ತಿಮ್ಮ" ಎಂದ. "ಆ ಗೋವಾದಲ್ಲಿ ಹೊಡೆದ್ರಲ್ಲ, ಹತ್ತಿರದಿಂದ ಹೊಡೆದ್ರಾ?"

"ಗೊತ್ತಿಲ್ಲಪ್ಪ. ಪೇಪರ್ನಲ್ಲಿ ಇರ್ಲಿಲ್ಲ."

"ಮುಖ ಕಾಣ್ತಿತ್ತಾ?"

"ಹಗಲಲ್ವಾ. ಕಂಡಿರುತ್ತೆ."

ಕೆಂಚಪ್ಪ ತನ್ನ ಬೆರಳುಗಳಲ್ಲಿ ಮುಳ್ಳು ಚುಚ್ಚಿದ ಕಲೆಗಳನ್ನು ನೋಡಿಕೊಂಡ.

"ಹನುಮಿ, ಅವರು ಉಂಡಿದ್ರಂತಾ?"

"ಯಾರು?"

"ಆ ಹುಡುಗ್ರು."

ತುಪ್ಪದ ಗಿಂಡಿ ಹಿಡಿದು ನಿಂತಿದ್ದ ಹನುಮಕ್ಕ ಬಗ್ಗಿ ಅವನ ಎಲೆಗೆ ತುಪ್ಪ ಹಾಕಿದಳು.

"ಅದನ್ನೇ ನಾನು ಅವತ್ತು ಕೇಳಿದ್ದು" ಎಂದಳು. "ಉಣ್ಣು, ಆರೋಗುತ್ತೆ."